ಕೆಂಪುಬೆಟ್ಟದ ಸುತ್ತಮುತ್ತ

ಪ್ರವಾಸದ ಲೇಖನವೊಂದನ್ನು ಬರೆದುಕೊಡಿರೆಂದು ಸಂಪಾದಕರು ಕೇಳಿದಾಗ ನಾವು ತುಸು ಹಿಂಜರಿದದ್ದು ನಿಜ. ಈ ಬೇಸಗೆಯಲ್ಲಿ ಸಂಘದ ಮಿಕ್ಕ ಸದಸ್ಯರು ಬದರಿಗೋ ಊಟಿಗೋ ಹೋಗಿ ಬಂದರು; ನಾವು ರಜೆ ಸಿಕ್ಕದೆ ಮನೆಯಲ್ಲಿ ಕುಳಿತವರು. ಆದರೂ ಪ್ರವಾಸವನ್ನೇ ಮಾಡಲಿಲ್ಲವೆಂದರೆ ಸುಳ್ಳಾದೀತು. ಏಪ್ರಿಲ್ ಕಡೆಯಿಂದ ಜೂನ್ ಮೊದಲ ವಾರದವರೆಗೆ, ಕಚೇರಿಯಿಂದ ಬಂದು ಕಾಫಿ ಕುಡಿದು ಕುಳಿತೆವೆಂದರೆ, ಊಟಕ್ಕೆ ಕರೆ ಬರುವ ತನಕ ನಾವು ವಾರ್ಡನ್‌ಫೆಲ್ ಎಂಬ ದ್ವೀಪದಲ್ಲಿ ಅಲೆಯುತ್ತಿದ್ದೆವು. ನಾವು ಎಂದರೆ ಇದನ್ನು ಬರೆಯುತ್ತಿರುವ ಗುಮಾಸ್ತರು ಮತ್ತು ರಜೆಗೆಂದು ನಮ್ಮಲ್ಲಿಗೆ ಬಂದಿದ್ದ ಅಣ್ಣನ ಮಗ, ಹನ್ನೆರಡು ವರ್ಷದ ಹುಡುಗ.

ಈ ದ್ವೀಪವನ್ನು ಭೂಪಟದಲ್ಲಿ ಹುಡುಕಿ ಪ್ರಯೋಜನವಿಲ್ಲ. ಅಮೆರಿಕದ ಮೇರಿಲೆಂಡ್ ಸಂಸ್ಥಾನದ ಬೆಥೆಸ್ಡಾ ಕಂಪೆನಿಯವರು 1994ರಲ್ಲಿ ಆರಂಭಿಸಿದ 'ಎಲ್ಡರ್ ಸ್ಕ್ರೋಲ್ಸ್' ಎಂಬ ಕಂಪ್ಯೂಟರ್ ಆಟಗಳ ಮಾಲೆಯೊಂದುಂಟು. ಟ್ಯಾಮ್ರಿಯಲ್ ಎಂಬ ಕಲ್ಪಿತ ಭೂಖಂಡ ಅದರ ರಂಗಸ್ಥಳ. ಮೊದಲು ಅರೀನಾ, 1996ರಲ್ಲಿ ಡ್ಯಾಗರ್‌ಫಾಲ್, 2002ರಲ್ಲಿ ಮಾರೋವಿಂಡ್, 2006ರಲ್ಲಿ ಆಬ್ಲಿವಿಯನ್, 2011ರಲ್ಲಿ ಸ್ಕೈರಿಮ್, ಹೀಗೆ ಒಂದೊಂದು ಆಟವೂ ಆ ಖಂಡವನ್ನು ತೆರೆದು ತೋರಿಸುತ್ತ ಬಂದಿತು. ಹುಡುಗ ಬಲ್ಲದ್ದು ಸ್ಕೈರಿಮ್ ಒಂದನ್ನೇ. ನಮ್ಮ ಮನೆಯ ಕಂಪ್ಯೂಟರಾದರೋ ನಮ್ಮಷ್ಟೇ ದಣಿದದ್ದು. ಅದು ಸರಾಗವಾಗಿ ನಡೆಸಬಲ್ಲದ್ದು ಮಾರೋವಿಂಡನ್ನೇ. ಹುಡುಗ ಮುಖ ಸಪ್ಪಗೆ ಮಾಡಿದ. "ಇದು ನಾನು ಹುಟ್ಟೋಕೆ ಮುಂಚಿನ ಆಟ ಚಿಕ್ಕಪ್ಪ" ಎಂದ. ರಾಮಾಯಣವೂ ಹಾಗೆಯೇ ಎಂದು ನಾವು ಸಮಾಧಾನ ಹೇಳಿದೆವು.

ಆಟದ ಆರಂಭದಲ್ಲಿ ನಾವು ಕೈದಿಗಳು. ಹಡಗಿನ ಒಡಲಿನಲ್ಲಿ ಎಚ್ಚರವಾಗುತ್ತದೆ. ಒಕ್ಕಣ್ಣಿನ ಸಹಕೈದಿಯೊಬ್ಬ ಹೆಸರು ಕೇಳುತ್ತಾನೆ. ಅವನ ಹೆಸರು ಜಿಯೂಬ್, ಓದುಗರು ನೆನಪಿಟ್ಟಿರಬೇಕು. ಹಡಗು ಸೇಡಾ ನೀನ್ ಎಂಬ ಜೌಗುಹಳ್ಳಿಯ ಕಟ್ಟೆಗೆ ಬಂದು ನಿಲ್ಲುತ್ತದೆ. ಇಳಿದವರನ್ನು ಮೊದಲು ಕರೆದೊಯ್ಯುವುದು ಯಾವ ರಾಜನ ಆಸ್ಥಾನಕ್ಕೂ ಅಲ್ಲ, ಜನಗಣತಿ ಮತ್ತು ಸುಂಕದ ಕಚೇರಿಗೆ! ಮೇಜಿನ ಹಿಂದೆ ಒಬ್ಬ ಮುದುಕ ಅಧಿಕಾರಿ, ಎದುರಿಗೆ ಕಾಗದಗಳು. ನಿಮ್ಮ ವೃತ್ತಿ ಯಾವುದು, ಹುಟ್ಟಿದ ನಕ್ಷತ್ರ ಯಾವುದು ಎಂದು ಅವನು ಕೇಳುತ್ತ ಹೋಗುತ್ತಾನೆ. ವೃತ್ತಿಯನ್ನು ಪಟ್ಟಿ ನೋಡಿ ಆರಿಸಬಹುದು, ಹತ್ತು ಪ್ರಶ್ನೆಗಳಿಗೆ ಉತ್ತರ ಹೇಳಿ ಅವನಿಂದಲೇ ನಿಶ್ಚಯ ಮಾಡಿಸಬಹುದು, ಇಲ್ಲವೆ ನಾವೇ ಹೊಸದೊಂದನ್ನು ಬರೆದುಕೊಡಬಹುದು. ಕುಲಗಳು ಹತ್ತು, ಕುಶಲತೆಗಳು 27, ಜನ್ಮರಾಶಿಗಳು ನಮ್ಮ ಹನ್ನೆರಡಲ್ಲ, ಹದಿಮೂರು. ಮೂವತ್ತು ವರ್ಷಗಳಷ್ಟು ಹಳೆಯ ಈ ಮಾಲೆಯಲ್ಲಿ ಎಷ್ಟೋ ವೀರರ ಕಥೆಗಳಿವೆ. ಒಬ್ಬ ಗುಮಾಸ್ತನ ಎದುರು ಫಾರಂ ತುಂಬುವುದರಿಂದ ಆರಂಭವಾಗುವ ವೀರಗಾಥೆ ನಮಗೆ ಇಷ್ಟು ಹಿತವಾದೀತೆಂದು ನಾವು ಎಣಿಸಿರಲಿಲ್ಲ. ಹುಡುಗ ಮೇಜಿನ ಮೇಲಿದ್ದ ಹಸುರು ತಟ್ಟೆಯೊಂದನ್ನು ಜೇಬಿಗಿಳಿಸಲು ನೋಡಿದ. ಸರಕಾರಿ ಸಾಮಾನು ಮುಟ್ಟಕೂಡದೆಂದು ನಾವು ತಡೆದೆವು.

ಈ ಆಟದ ಒಂದು ಗುಣವನ್ನು ಇಲ್ಲೇ ಹೇಳಿಬಿಡಬೇಕು. ಪಾತ್ರಗಳು ಬಾಯಿಬಿಟ್ಟು ಆಡುವ ಮಾತು ಬಲು ಕಡಿಮೆ. ಹೆಚ್ಚಿನದೆಲ್ಲ ಅಚ್ಚಾದ ಪುಟದಂತೆ ಪರದೆಯ ಮೇಲೆ ಮೂಡುತ್ತದೆ, ಓದಿಕೊಳ್ಳಬೇಕು. ಆ ಇಂಗ್ಲಿಷಿನ ಓದು ಹುಡುಗನಿಗೆ ಬೇಸರ. ನಾವು ಕನ್ನಡದಲ್ಲಿ ಹೇಳತೊಡಗಿದೆವು. ಎರಡನೆಯ ಸಂಜೆಗೆಲ್ಲ ಅಡುಗೆಮನೆಯಲ್ಲಿ ಹುರಳಿಕಾಯಿ ಸೋಸುತ್ತಿದ್ದ ನಮ್ಮ ತಾಯಿಯವರು ಮಣೆಯನ್ನು ಬಾಗಿಲ ಬಳಿಗೆ ಎಳೆದುಕೊಂಡಿದ್ದರು.

ಅವರನ್ನು ಹಾಗೆ ಎಳೆದದ್ದು ಒಂದು ಕೊಲೆಯ ಸಂಗತಿ. ಸೇಡಾ ನೀನ್‌ನ ತೆರಿಗೆ ವಸೂಲಿ ಮಾಡುವವನು, ಪ್ರೊಸೆಸಸ್ ವಿಟೆಲಿಯಸ್ ಎಂಬವನು, ಕಾಣೆಯಾಗಿದ್ದಾನೆ. ಅವನ ಶವ ಊರ ಹೊರಗಿನ ಜೌಗಿನಲ್ಲಿ ಬಿದ್ದಿರುತ್ತದೆ. ಬಳಿಯಲ್ಲಿ ವಸೂಲಿ ಲೆಕ್ಕವೂ 200 ನಾಣ್ಯಗಳೂ ಹಾಗೆಯೇ ಇರುತ್ತವೆ. ಹಣವನ್ನು ಇಟ್ಟುಕೊಳ್ಳಲೂಬಹುದು. ನಾವು ಕಚೇರಿಗೆ ಜಮಾ ಮಾಡಿ, ಕೊಂದವನನ್ನು ಹುಡುಕುವ ಕೆಲಸ ಹೊತ್ತೆವು. ಕೊಂದವನು ಗುಡಿಸಲಿನಲ್ಲಿರುವ ಫೋರಿನ್ ಗಿಲ್ನಿತ್. ಕೇಳಿದರೆ ಮುಚ್ಚಿಡದೆ ಒಪ್ಪಿಕೊಳ್ಳುತ್ತಾನೆ: ಆ ಅಧಿಕಾರಿ ಬಡವರಿಂದ ಹೆಚ್ಚಿಗೆ ಕಿತ್ತು ತನ್ನ ಜೇಬು ತುಂಬಿಕೊಳ್ಳುತ್ತಿದ್ದ, ಅದಕ್ಕೇ ಮುಗಿಸಿದೆ ಎನ್ನುತ್ತಾನೆ. ಈಗೇನು ಮಾಡುವುದು? ಬಿಟ್ಟುಬಿಡೋಣವೆಂದು ಹುಡುಗ; ಕೊಲೆ ಕೊಲೆಯೇ ಎಂದು ನಾವು. ಸರಕಾರದ ಉಪ್ಪು ತಿಂದವರ ಪಕ್ಷ ಗೆದ್ದಿತು. 500 ನಾಣ್ಯಗಳ ಬಹುಮಾನವೂ ಬಂದಿತು. ಹುಡುಗ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ತಾಯಿಯವರು ಕೇಳಿದ್ದೇ ಬೇರೆ: "ಅಲ್ಲೋ, ಆ ಸತ್ತವನಿಗೆ ಮನೆಮಂದಿ ಯಾರೂ ಇರಲಿಲ್ಲವೇನೋ?" ಇದ್ದಳು. ದೀಪಸ್ತಂಭ ಕಾಯುವ ಹೆಂಗಸೊಬ್ಬಳಿಗೆ ಅವನು ಪ್ರಿಯನಾಗಿದ್ದ. ಅವನ ಉಂಗುರವನ್ನು ಆಕೆಗೆ ತಲಪಿಸಿದ ಮೇಲೆ ನಮ್ಮ ಮನೆಯಲ್ಲಿ ಶಾಂತಿ ನೆಲಸಿತು.

ಇನ್ನು ದಾರಿಯ ವಿಚಾರ. ನಮ್ಮ ಪ್ರವಾಸದ ಜೀವಾಳವೇ ಅದು. ಬಾಲ್ಮೋರಾ ಎಂಬ ಪಟ್ಟಣದಲ್ಲಿರುವ ಕೈಯಸ್ ಕೊಸಾಡಿಸ್ ಎಂಬಾತನಿಗೆ ಒಂದು ಕಟ್ಟನ್ನು ಮುಟ್ಟಿಸಬೇಕೆಂದು ನಮಗೆ ಅಪ್ಪಣೆಯಾಗಿತ್ತು. 2006ರ ಆಬ್ಲಿವಿಯನ್‌ನಿಂದೀಚೆಗೆ ಈ ಮಾಲೆಯಲ್ಲಿ ದಾರಿ ಕೇಳುವ ಪ್ರಮೇಯ ಕಡಿಮೆ: ಹೋಗಬೇಕಾದ ದಿಕ್ಕನ್ನು ಬಾಣದ ಗುರುತು ತೋರಿಸುತ್ತದೆ, ಒಮ್ಮೆ ಕಂಡ ಊರಿನ ಮೇಲೆ ನಕ್ಷೆಯಲ್ಲಿ ಬೆರಳಿಟ್ಟರೆ ಅಲ್ಲಿಗೆ ಹೋಗಿ ಇಳಿದಿರುತ್ತೇವೆ. ಮಾರೋವಿಂಡಿನಲ್ಲಿ ಆ ಭಾಗ್ಯವಿಲ್ಲ. ಯಾರನ್ನಾದರೂ ಕೇಳಬೇಕು. ಅವರು ನಮ್ಮ ಹಳ್ಳಿಯವರು ಹೇಳುವಂತೆಯೇ ಹೇಳುತ್ತಾರೆ: ಹೊಳೆ ದಾಟಿ, ಕೋಟೆ ಬಲಕ್ಕೆ ಬಿಟ್ಟು, ಕೈಮರ ಕಂಡಲ್ಲಿ ತಿರುಗಿ, ಗುಡ್ಡ ಹತ್ತಿ. ಹೇಳಿದ್ದನ್ನು ದಿನಚರಿಯಲ್ಲಿ ಹುಡುಕಿ ಓದಿಕೊಳ್ಳಬೇಕು. ಕೆಲವು ಸಲ ಹೇಳಿದವನೇ ತಪ್ಪಾಗಿ ಹೇಳಿರುತ್ತಾನೆ. ಅದೂ ಹಳ್ಳಿಯ ವಾಡಿಕೆಯೇ.

ಮೊದಲ ದಿನ ನಡೆದೇ ಹೊರಟೆವು. ಓಡಿದರೆ ಆಯಾಸ; ಆಯಾಸವಾದಾಗ ಕತ್ತಿ ಬೀಸಿದರೆ ಏಟು ತಗಲುವುದಿಲ್ಲ. ಒಂದು ಇಲಿಯೊಡನೆ ನಾವು ಮಾಡಿದ ಯುದ್ಧವನ್ನು ವರ್ಣಿಸುವುದು ಬೇಡ. ಇಲ್ಲಿ ಯಾವ ವಿದ್ಯೆಯೂ ಮಾಡಿದಷ್ಟೇ ಬರುತ್ತದೆ: ಹಾರಿದರೆ ಹಾರುವುದು, ಈಟಿ ಹಿಡಿದರೆ ಈಟಿ, ಚೌಕಾಸಿ ಮಾಡಿದರೆ ಚೌಕಾಸಿ. ಆರಿಸಿಕೊಂಡ ವಿದ್ಯೆಗಳಲ್ಲಿ ಹತ್ತು ಮೆಟ್ಟಿಲು ಏರಿದ ಮೇಲೆ ಮಲಗಿ ಎದ್ದರೆ ಬಡ್ತಿ. ಸೇವಾಹಿರಿತನದ ಮೇಲೆ ಬಡ್ತಿ ಪಡೆಯುವ ನಮಗೆ ಇದು ಹೊಸ ಪದ್ಧತಿ. ಸೇಡಾ ನೀನ್ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಆಕಾಶದಿಂದ ಒಂದು ಚೀತ್ಕಾರ ಕೇಳಿತು. ನೋಡುತ್ತಿದ್ದಂತೆ ಮಂತ್ರವಾದಿಯೊಬ್ಬ ನಮ್ಮ ಮುಂದೆ ದೊಪ್ಪನೆ ಬಿದ್ದು ಸತ್ತ. ಅವನು ಕಂಡುಹಿಡಿದ ನೆಗೆತದ ಮಂತ್ರದ ಸುರುಳಿಗಳು ಮೂರು ಅವನ ಬಳಿಯಿದ್ದವು. ಮೇಲಕ್ಕೆ ನೆಗೆಯುವುದನ್ನು ಮಹಾಶಯ ಸಾಧಿಸಿದ್ದ; ಕೆಳಕ್ಕೆ ಇಳಿಯುವುದನ್ನು ಮರೆತಿದ್ದ. ಇಷ್ಟು ಕಣ್ಣಾರೆ ಕಂಡ ಮೇಲೂ ನಾವು ಒಂದು ಸುರುಳಿಯನ್ನು ಓದಿ ನೋಡಿದೆವು. ನಮ್ಮದೂ ಅದೇ ಗತಿಯಾಯಿತು. ಪುಣ್ಯಕ್ಕೆ ಆಟವನ್ನು ಅದಕ್ಕೆ ಮುಂಚೆ ಉಳಿಸಿಟ್ಟಿದ್ದೆವು.

ಪೆಲಾಜಿಯಾಡ್ ಎಂಬ ಕೋಟೆಯೂರನ್ನು ಹಾದು, ಓಡೈ ನದಿಯ ದಂಡೆಯ ಬಾಲ್ಮೋರಾ ತಲಪಿದಾಗ ಆಟದಲ್ಲೂ ಕತ್ತಲೆ, ಹೊರಗೂ ಕತ್ತಲೆ. ಕೊಸಾಡಿಸ್ ಮಹಾಶಯ ಮೈಮೇಲೆ ಅಂಗಿಯಿಲ್ಲದೆ ಬಾಗಿಲು ತೆರೆದ. ಈತ ಸಾಮ್ರಾಟನ ಗೂಢಚಾರರ ಮುಖ್ಯಸ್ಥನೆಂದರೆ ಹುಡುಗ ನಂಬಲೊಲ್ಲ. ಆತ ಕಾಗದ ಓದಿ, ನೀನಿನ್ನೂ ಹಸುಗೂಸು, ಮೊದಲು ಎಲ್ಲಾದರೂ ಕೆಲಸಕ್ಕೆ ಸೇರಿ ಊರು ತಿಳಿದುಕೊಂಡು ಬಾ ಎಂಬರ್ಥದ ಮಾತು ಹೇಳಿ ಕೈಗೆ ಒಂದಿಷ್ಟು ಹಣವಿಟ್ಟು ಕಳಿಸಿದ. ಲೋಕವನ್ನು ಉಳಿಸಬೇಕಾದವನಿಗೆ ಸಿಕ್ಕ ಮೊದಲ ಆಜ್ಞೆ ಊರು ಸುತ್ತು ಎಂಬುದು! ಇದಕ್ಕಿಂತ ಒಳ್ಳೆಯ ಮೇಲಧಿಕಾರಿಯನ್ನು ನಾವು ಕಂಡಿಲ್ಲ.

ಸುತ್ತಿದೆವು. ಆರ್ಕ್‌ಂತಾಂಡ್ ಎಂಬ ಪಾಳುಕೋಟೆಯಿಂದ ಒಂದು ಪೆಟ್ಟಿಗೆ ತರಬೇಕಾಗಿ ಬಂತು. ಮೂನ್‌ಮೋತ್ ಕೋಟೆಯ ಬಳಿಯಿಂದ ಮೂಡಲಿಗೆ ಹೋದರೆ ಲಾವಾ ಹರಿದು ಕೊರೆದ ಕಮರಿಯೊಂದುಂಟು. ಅಲ್ಲಿಯವರು ಅಂಥ ಕಮರಿಗೆ ಫೊಯಾಡಾ ಎನ್ನುತ್ತಾರೆ. ಅದರ ಮೇಲೆ ಹಳೆಯ ಕಲ್ಲಿನ ಸೇತುವೆ. ಸೇತುವೆಯನ್ನು ದಾಟುವ ಬದಲು ನಾವು ಕಮರಿಗೇ ಇಳಿದುಬಿಟ್ಟು, ಬೂದಿಯಲ್ಲಿ ಎರಡು ಸಂಜೆ ದಿಕ್ಕೆಟ್ಟೆವು. ಕಡೆಗೆ ಬಂಡೆಯ ಮೇಲಿನ ತಿರುಗಣಿ ತಿರುಗಿಸಿದಾಗ ಬಾಗಿಲು ತೆರೆದುಕೊಂಡಿತು. ಡ್ವೆಮರ್ ಎಂಬ ಜನ ಕಟ್ಟಿದ ಜಾಗ ಅದು. ಹಬೆಯ ಯಂತ್ರಗಳನ್ನೂ ಲೋಹದ ಕಾವಲುಗಾರರನ್ನೂ ಮಾಡಿ ಬಾಳಿದ ಆ ಇಡೀ ಕುಲ ಒಂದು ಕ್ಷಣದಲ್ಲಿ ಮಾಯವಾಯಿತು. ಏಕೆ, ಎಲ್ಲಿಗೆ, ಯಾರಿಗೂ ತಿಳಿಯದು. ಉಳಿದವನೊಬ್ಬ ದ್ವೀಪದ ಪೂರ್ವದಲ್ಲಿ ಮಾಂತ್ರಿಕನೊಬ್ಬನ ಗೋಪುರದ ಕೆಳಗೆ ರೋಗಿಯಾಗಿ ಬದುಕಿದ್ದಾನೆ. ಅವನನ್ನು ಕೇಳಿದೆವು, ಅವನಿಗೂ ತಿಳಿಯದು. ನಾವು ಹುಡುಕುತ್ತಿದ್ದ ಪೆಟ್ಟಿಗೆ ಪಾತಾಳದವರೆಗೆ ಇಳಿದು ಬಂದ ಮೇಲೆ ಬಾಗಿಲಿಗೆ ಸಮೀಪದ ಕೋಣೆಯೊಂದರ ಗೂಡಿನಲ್ಲಿ ಸಿಕ್ಕಿತು.

ಹುಡುಗ ಆ ಹೊತ್ತಿಗೆ ನಕ್ಷೆ ಬರೆಯತೊಡಗಿದ್ದ. ಹಳೆಯ ಕ್ಯಾಲೆಂಡರಿನ ಹಾಳೆಗಳ ಬೆನ್ನನ್ನು ಅಂಟಿಸಿ, ಹೊಳೆ, ಕೈಮರ, ಸೇತುವೆ, ನಾವು ಸತ್ತ ಸ್ಥಳಗಳು, ಎಲ್ಲವನ್ನೂ ಗುರುತಿಸುತ್ತಿದ್ದ. ಹೆಸರುಗಳನ್ನು ಮೊದಲು ಇಂಗ್ಲಿಷಿನಲ್ಲೇ ಬರೆದ. ಅಜ್ಜಿ ತನಗೆ ಓದಲು ಬಾರದೆಂದು ಆಕ್ಷೇಪಿಸಿದ್ದರಿಂದ ಕನ್ನಡದಲ್ಲಿ ಬರೆಯಬೇಕಾಯಿತು. ಶಾಲೆಯಲ್ಲಿ ಕನ್ನಡವಿಲ್ಲದ ಹುಡುಗ, ಒತ್ತಕ್ಷರಕ್ಕೆ ತಿಣುಕುತ್ತಿದ್ದ. 'ಬಾಲ್ಮೋರಾ' ಎಂಬುದನ್ನು ನಾಲ್ಕು ಸಲ ಅಳಿಸಿ ಬರೆದ. 'ಡಾಗೋತ್ ಊರ್' ಮಾತ್ರ ಅವನಿಗೆ ಬಹಳ ಹಿಡಿಸಿತು. "ಇದು ಊರಾ, ಮನುಷ್ಯನಾ?" ಎಂದು ಕೇಳಿದ. ಎರಡೂ ಹೌದು: ಕೆಂಪುಬೆಟ್ಟದ ಒಳಗಿರುವ ಆ ದುರಾತ್ಮನ ಹೆಸರೂ ಅದೇ, ಅವನ ಕೋಟೆಯ ಹೆಸರೂ ಅದೇ.

ನಡೆದು ಸೋತಾಗ ಹತ್ತಲಿಕ್ಕೆ ಒಂದು ವಾಹನವುಂಟು, ಸಿಲ್ಟ್ ಸ್ಟ್ರೈಡರ್. ತಾಳೆಮರದಂಥ ಉದ್ದ ಕಾಲುಗಳ ಮೇಲೆ ನಿಂತ ಮಹಾಕೀಟ. ಅದರ ಬೆನ್ನಿನ ಚಿಪ್ಪನ್ನು ಕೊರೆದು ಕೂರಲು ಜಾಗ ಮಾಡಿರುತ್ತಾರೆ. ಸಾರಥಿ ಒಳಗಿನ ಮಾಂಸದ ತಂತುಗಳನ್ನು ಮುಟ್ಟಿ ಅದನ್ನು ನಡೆಸುತ್ತಾನಂತೆ. ಸೇಡಾ ನೀನ್‌ನಿಂದ ಬಾಲ್ಮೋರಾಕ್ಕೆ, ವಿವೆಕ್‌ಗೆ, ಸುರಾನ್‌ಗೆ, ನಿಸಿಸ್‌ಗೆ ಅದರ ಓಡಾಟ. ಒಂದಿಷ್ಟು ನಾಣ್ಯ ಕೊಟ್ಟರೆ ಪರದೆ ಕಪ್ಪಾಗಿ, ತೆರೆದಾಗ ಆ ಊರಿನಲ್ಲಿರುತ್ತೇವೆ. ರಾತ್ರಿ ಬಸ್ಸಿನಲ್ಲಿ ನಿದ್ದೆಹೋಗಿ ಬೆಳಗ್ಗೆ ಇಳಿದಂತೆ. ಜೌಗಿನ ಮೇಲೆ ಮಂಜು ಕವಿದಾಗ ಅದು ದೂರದಿಂದ ಕೂಗುವ ದನಿಯಿದೆಯಲ್ಲ, ಹಡಗಿನ ಕೊಂಬಿಗೂ ಎಮ್ಮೆಯ ಕೂಗಿಗೂ ನಡುವಿನದು, ಅದನ್ನು ಕೇಳಿದಾಗೆಲ್ಲ ತಾಯಿಯವರು "ನಿಮ್ಮ ಬಸ್ಸು ಬಂತು ನೋಡಿ" ಎನ್ನುತ್ತಿದ್ದರು. ಇದರ ಹೊರತು ದೋಣಿಗಳುಂಟು. ಐದು ಊರುಗಳ ಮಂತ್ರವಾದಿಗಳ ಸಂಘಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಕ್ಷಣದಲ್ಲಿ ಕಳಿಸುವವರುಂಟು. ಎಲ್ಲಿಗೆ ಹೋಗಬೇಕಾದರೂ ಇಲ್ಲಿಂದ ಕೀಟ, ಅಲ್ಲಿಂದ ದೋಣಿ, ಮುಂದೆ ಕಾಲ್ನಡಿಗೆ ಎಂದು ಲೆಕ್ಕ ಹಾಕುತ್ತ ದ್ವೀಪ ನಮಗೆ ಬಾಯಿಪಾಠವಾಗಿ ಹೋಯಿತು.

ಊರುಗಳ ಚೆಂದವನ್ನು ಹೇಳಹೊರಟರೆ ಸಂಚಿಕೆ ಸಾಲದು. ಆಲ್ಡ್‌ರೂನ್‌ನಲ್ಲಿ ಎಂದೋ ಸತ್ತ ಪ್ರಚಂಡ ಏಡಿಯೊಂದರ ಚಿಪ್ಪಿನೊಳಗೆ ಶ್ರೀಮಂತರ ಮನೆಗಳು. ಪೂರ್ವದ ಟೆಲ್ವಾನ್ನಿ ಮಾಂತ್ರಿಕರು ಅಣಬೆಗಳನ್ನೇ ಗೋಪುರಗಳಾಗಿ ಬೆಳೆಸಿ ಒಳಗೆ ವಾಸಿಸುತ್ತಾರೆ; ಮೇಲಿನ ಅಂತಸ್ತಿಗೆ ಮೆಟ್ಟಿಲಿಲ್ಲ. ಗಾಳಿಯಲ್ಲಿ ತೇಲುವ ವಿದ್ಯೆ ಬಾರದವನು ತಮ್ಮ ಬಳಿಗೆ ಬರಬೇಕಾಗಿಯೇ ಇಲ್ಲವೆಂಬುದು ಅವರ ಭಾವ. ಕೆಲವು ಮೇಲಧಿಕಾರಿಗಳ ಕೋಣೆಗಳು ನಮಗೆ ನೆನಪಾದವು. ಬೂದಿಯ ಬಿರುಗಾಳಿ ಎದ್ದರೆ ನಮ್ಮ ಪಾತ್ರವೂ ಎದುರು ಬರುವವರೂ ತೋಳನ್ನು ಮುಖಕ್ಕೆ ಅಡ್ಡ ಹಿಡಿದು ನಡೆಯುತ್ತಾರೆ. ಆಕಾಶದಲ್ಲಿ ಕ್ಲಿಫ್ ರೇಸರ್ ಎಂಬ ಹಾರುವ ಪೀಡೆಗಳು. ಐದು ಹೆಜ್ಜೆಗೆ ಒಂದು ಬಂದು ಎರಗುತ್ತದೆ. ಇಷ್ಟಾಗಿ ಇದು ಒಳ್ಳೆಯವರ ನಾಡೇನೂ ಅಲ್ಲ. ಡನ್ಮರ್ ಎಂಬ ಬೂದುಮೈಯ ಈ ಜನ, ಬೆಕ್ಕಿನ ರೂಪದವರನ್ನೂ ಹಲ್ಲಿಯ ರೂಪದವರನ್ನೂ ಗುಲಾಮರನ್ನಾಗಿ ಇಟ್ಟುಕೊಂಡಿದ್ದಾರೆ. ಸೇಡಾ ನೀನ್ ಬಳಿಯ ಗುಹೆಯಲ್ಲಿ ಕಳ್ಳಸಾಗಣೆಯವರು ಕೂಡಿಟ್ಟಿದ್ದವರನ್ನು ಹುಡುಗ ಬೀಗದ ಕೈ ಹುಡುಕಿ ಬಿಡಿಸಿದ. ಇದರಲ್ಲಿ ನಮಗೂ ಅವನಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ಕಥೆಯ ತಿರುಳು ವಿವೆಕ್ ನಗರದಲ್ಲಿದೆ. ನೀರಿನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಎದ್ದ ಕಟ್ಟಡಗಳ ಸಾಲು. ದಕ್ಷಿಣದ ಕೊನೆಯಲ್ಲಿ ಅರಮನೆ. ಅಲ್ಲಿ ಊರಿಗೆ ಹೆಸರು ಕೊಟ್ಟ ದೇವರು ವಿವೆಕ್ ಖುದ್ದಾಗಿ ವಾಸವಾಗಿದ್ದಾನೆ. ನಗರದ ತಲೆಯ ಮೇಲೆ, ಆಕಾಶದಲ್ಲಿ, ಒಂದು ಮಹಾಬಂಡೆ ಬೀಳದೆ ನಿಂತಿದೆ. ಅದನ್ನು ಹಿಡಿದಿರುವುದು ಅವನ ಶಕ್ತಿ. ಬಂಡೆಯನ್ನು ಕೊರೆದು ಒಳಗೆ ಸೆರೆಮನೆ ಮಾಡಿದ್ದಾರೆ!

ವಿವೆಕ್, ಅಲ್ಮಲೆಕ್ಸಿಯಾ, ಸೋತಾ ಸಿಲ್ ಈ ಮೂವರೂ ಒಂದು ಕಾಲಕ್ಕೆ ಮನುಷ್ಯರು, ನೆರೆವಾರ್ ಎಂಬ ಸೇನಾನಾಯಕನ ಆಪ್ತರು. ಕೆಂಪುಬೆಟ್ಟದ ಯುದ್ಧದಲ್ಲಿ ನೆರೆವಾರ್ ಸತ್ತ. ಆಮೇಲೆ ಇವರು ದೇವರಾದರು. ಹೇಗೆ ಸತ್ತ? ಗುಡಿಯವರು ಹೇಳುವುದು, ಯುದ್ಧದ ಗಾಯಗಳಿಂದ ಎಂದು. ಬೂದಿಬಯಲಿನಲ್ಲಿ ಗುಡಾರ ಹಾಕಿ ಅಲೆಯುವ ಆಶ್‌ಲ್ಯಾಂಡರ್ ಜನ ಹೇಳುವುದು, ಈ ಮೂವರೇ ಕೊಂದರು ಎಂದು. ಭಿನ್ನಮತದ ಅರ್ಚಕರು ಗುಟ್ಟಾಗಿ ಕಾಪಾಡಿದ ಬರಹಗಳಲ್ಲಿ ಇನ್ನೊಂದು ಪಾಠ. ವಿವೆಕ್‌ನನ್ನೇ ಕಂಡು ಕೇಳಿದರೆ ತಾವು ಕೊಲ್ಲಲಿಲ್ಲವೆನ್ನುತ್ತಾನೆ. ಆದರೆ ಅವನು ಬರೆದನೆನ್ನುವ 36 ಪಾಠಗಳ ಪುಸ್ತಕಗಳಲ್ಲಿ ತಪ್ಪೊಪ್ಪಿಗೆ ಅಡಗಿದೆಯೆಂದು ಓದುವವರೂ ಉಂಟು. ಒಂದೇ ಸ್ಥಳಕ್ಕೆ ಎರಡು ಸ್ಥಳಪುರಾಣ ಕೇಳಿ ಬೆಳೆದ ನಮಗೆ ಇದೇನೂ ಹೊಸತಲ್ಲ. ಹೊಸತೆಂದರೆ, ಆಟ ಯಾವುದನ್ನೂ ನಿಜವೆಂದು ಮುದ್ರೆಯೊತ್ತುವುದಿಲ್ಲ. ಹುಡುಗ ಪದೇ ಪದೇ "ಕರೆಕ್ಟ್ ಆನ್ಸರ್ ಯಾವುದು?" ಎಂದು ಕೇಳಿ ದಣಿದ. ತಾಯಿಯವರದು ಕ್ಷಣದ ತೀರ್ಪು: "ಕೊಂದವರೇ. ಇಲ್ಲದಿದ್ದರೆ ಅಷ್ಟು ದೊಡ್ಡ ಗುಡಿ ಯಾಕೆ ಕಟ್ಟಿಸ್ತಾರೆ?"

ಸತ್ತ ನೆರೆವಾರ್ ಮತ್ತೆ ಹುಟ್ಟಿ ಬರುತ್ತಾನೆಂದು ಅಲೆಮಾರಿಗಳ ನಂಬಿಕೆ. ಅವನೇ ನೀನಿರಬಹುದೆಂದು ನಮ್ಮನ್ನು ಕಳಿಸಿದ್ದಾರೆ. ಅಲೆಮಾರಿಗಳ ಗುಡಾರಕ್ಕೆ ಬರಿಗೈಯಲ್ಲಿ ಹೋಗುವಂತಿಲ್ಲ. ಅವರ ಮರ್ಯಾದೆ ತಿಳಿದುಕೊಳ್ಳಲು ಆಲ್ಡ್‌ರೂನ್‌ನ ಛತ್ರದಲ್ಲಿರುವ ಹಸ್ಸೂರ್ ಜೈನ್‌ಸುಬಾನಿ ಎಂಬ ವರ್ತಕನನ್ನು ಕಾಣಬೇಕು. ಅವನಿಗೂ ಮೊದಲು ಕಾಣಿಕೆ ಬೇಕು, ಹಣವಲ್ಲ, ಅವನಿಗೆ ಪ್ರಿಯವಾದ ಕವನದ ಪುಸ್ತಕ. ಇದನ್ನು ಕೇಳಿದ ದಿನದಿಂದ ತಾಯಿಯವರಿಗೆ ಆ ವರ್ತಕನ ಮೇಲೆ ಗೌರವ. ಮುಂದೆ ಒಂದು ಗುಹೆ. ಸಂಜೆ ಮುಂಜಾವಿನ ಹೊತ್ತಿಗೆ ಮಾತ್ರ ಅದರ ಬಾಗಿಲು ತೆರೆಯುತ್ತದೆ. ಒಳಗೆ, ನಮಗೆ ಮುಂಚೆ ತಾವೇ ಅವತಾರವೆಂದು ನಂಬಿ ಹೊರಟು ಸೋತವರ ಪ್ರೇತಗಳು. ಒಬ್ಬೊಬ್ಬರೂ ಬಂದು ತಮ್ಮ ಕಥೆ ಹೇಳಿ ತಮ್ಮ ವಸ್ತುವನ್ನು ನಮಗೆ ಕೊಡುತ್ತಾರೆ. ನಾವು ಆ ಸಂಜೆ ಬೇಗ ಯಂತ್ರ ಆರಿಸಿದೆವು.

ಮುಖ್ಯರಾದವರನ್ನು ಈ ಆಟದಲ್ಲಿ ಕೊಲ್ಲಲೂಬಹುದು. ಕೊಂದರೆ, ವಿಧಿಯ ಎಳೆ ಹರಿಯಿತೆಂದು ಒಂದು ಮಾತು ಪರದೆಯ ಮೇಲೆ ಮೂಡುತ್ತದೆ; ಹಿಂದಿನದಕ್ಕೆ ಮರಳಬಹುದು, ಇಲ್ಲವೆ ಕೆಟ್ಟ ಲೋಕದಲ್ಲಿಯೇ ಮುಂದುವರಿಯಬಹುದು. ಅಂಥ ತಪ್ಪು ನಾವು ಮಾಡಲಿಲ್ಲ. ಕೆಂಪುಬೆಟ್ಟವನ್ನು ಸುತ್ತುವರಿದ ಪ್ರೇತಬೇಲಿಯನ್ನು ದಾಟಿ, ಕೈಕವಚ, ಸುತ್ತಿಗೆ, ಕಿರುಗತ್ತಿ ಎಂಬ ಮೂರು ಉಪಕರಣ ಕೂಡಿಸಿ, ಬೆಟ್ಟದ ಗರ್ಭದಲ್ಲಿ ಮಿಡಿಯುತ್ತಿದ್ದ ಲೋರ್ಖಾನ್ ಎಂಬ ಹಳೆಯ ದೇವರ ಹೃದಯವನ್ನು ಬಡಿದೆವು. ಡಾಗೋತ್ ಊರ್ ಅಳಿದ. ಬೂದಿಯ ಬಿರುಗಾಳಿ ಹಗುರಾಗಿ ಬೆಟ್ಟದ ಮೇಲೆ ಆಕಾಶ ಕಂಡಿತು. ಹುಡುಗ ಕುಣಿದಾಡಿದ, ಆ ರಾತ್ರಿ ಪಾಯಸ.

ಪ್ರವಾಸ ಇಲ್ಲಿಗೇ ಮುಗಿಯಬೇಕಿತ್ತು. ಹುಡುಗ ಹೊರಡಲು ಇನ್ನೂ ಹತ್ತು ದಿನ ಉಳಿದಿತ್ತು. ನೆರೆಮನೆಯವರು ದೊಡ್ಡ ಮನಸ್ಸು ಮಾಡಿ ತಮ್ಮ ಹೊಸ ಯಂತ್ರವನ್ನು ಸಂಜೆಗಳಿಗೆ ಬಿಟ್ಟುಕೊಟ್ಟಿದ್ದರಿಂದ ಸ್ಕೈರಿಮ್ ತೆರೆದೆವು. ಕಥೆಯ ಕಾಲಮಾನದಲ್ಲಿ ಇದು ಸುಮಾರು ಇನ್ನೂರು ವರ್ಷ ಈಚಿನದು. ವಿಂಡ್‌ಹೆಲ್ಮ್ ಎಂಬ ಹಿಮದ ಊರಿನ ಒಂದು ಕೊಳಕು ಕೇರಿಯಲ್ಲಿ ಬೂದುಮೈಯ ಜನ ಗುಂಪಾಗಿ ವಾಸಿಸುತ್ತಿದ್ದರು. "ಇವರು ನಮ್ಮ ಕಡೆಯವರು!" ಎಂದು ಹುಡುಗ ಎದ್ದು ನಿಂತ. ಇಲ್ಲಿ ಏಕೆ ಇದ್ದೀರೆಂದು ಹುಡುಕಿ ಓದುತ್ತ ಹೋದಾಗ ಸಂಗತಿ ಹೊರಬಿದ್ದಿತು.

ನಮ್ಮ ವಿಜಯವಾದ ಹನ್ನೊಂದು ವರ್ಷಕ್ಕೆ, ನಾಲ್ಕನೆಯ ಯುಗದ 5ನೆಯ ವರ್ಷದಲ್ಲಿ, ವಿವೆಕ್ ನಗರದ ಮೇಲಿನ ಬಂಡೆ ಬಿದ್ದಿತು. ಕೆಂಪುಬೆಟ್ಟ ಸಿಡಿಯಿತು. ಬೂದಿ ಇಡೀ ದ್ವೀಪವನ್ನು ಕವಿಯಿತು. ಬದುಕುಳಿದವರ ಹೇಳಿಕೆಗಳನ್ನು ಸಂಗ್ರಹಿಸಿದ ಎರಡು ಸಂಪುಟಗಳ ಪುಸ್ತಕವೂ ಆಟದಲ್ಲಿದೆ. ಆ ವರ್ಷಕ್ಕೆ ಕೆಂಪುವರ್ಷವೆಂದು ಹೆಸರು. ಹುಡುಗ ಬಹಳ ಹೊತ್ತು ಸುಮ್ಮನಿದ್ದು, "ಚಿಕ್ಕಪ್ಪ, ಬಂಡೆ ಬಿದ್ದದ್ದು ಯಾಕೆ?" ಎಂದ.

ಬಂಡೆಯನ್ನು ಹಿಡಿದದ್ದು ವಿವೆಕ್‌ನ ಶಕ್ತಿ. ಆ ಶಕ್ತಿ ಬಂದದ್ದು ಬೆಟ್ಟದೊಳಗಿನ ಹೃದಯದಿಂದ. ಹೃದಯವನ್ನು ಬಡಿದದ್ದು ನಾವು.

"ಅಂದರೆ ನಾವೇ ಮಾಡಿದ್ದು" ಎಂದ. ವಿವೆಕ್ ಹೋದ ಮೇಲೆ ಬಂಡೆಯನ್ನು ಎತ್ತಿಹಿಡಿಯಲು ಜೀವಗಳನ್ನು ಉರುವಲು ಮಾಡಿಕೊಂಡ ಯಂತ್ರವೊಂದನ್ನು ಕಟ್ಟಿದ್ದರೆಂದೂ ಅದು ಕೆಟ್ಟಿತೆಂದೂ ನಾವು ವಿವರಿಸಿದೆವು. ಡಾಗೋತ್ ಊರ್‌ನನ್ನು ಬಿಟ್ಟಿದ್ದರೆ ರೋಗ ಹರಡಿ ಎಲ್ಲರೂ ಸಾಯುತ್ತಿದ್ದರೆಂದೂ ಹೇಳಿದೆವು. ಹೇಳುತ್ತಿದ್ದುದು ಕಚೇರಿಯ ಟಿಪ್ಪಣಿಯಂತೆ ನಮಗೇ ಕೇಳಿಸಿತು. ಸೇಡಾ ನೀನ್‌ನ ಗುಡಿಸಲಿನವನನ್ನು ಕೊಂದ ದಿನದ ಮುಖವನ್ನೇ ಹುಡುಗ ಮತ್ತೆ ಮಾಡಿಕೊಂಡಿದ್ದ.

ಕದದ ಬಳಿ ಕುಳಿತಿದ್ದ ತಾಯಿಯವರು ಆಗ ಮಾತಾಡಿದರು. ಅವರ ಹುಟ್ಟೂರು ಶರಾವತಿಯ ದಂಡೆಯದು. 1964ರಲ್ಲಿ ಲಿಂಗನಮಕ್ಕಿಯ ಕಟ್ಟೆ ಮುಗಿದು ನೀರು ನಿಂತಾಗ ಅವರಿಗೆ ಏಳು ವರ್ಷ. ಸಾಮಾನು ಹೇರಿದ ಗಾಡಿಯಲ್ಲಿ ತಮ್ಮನನ್ನು ಮಡಿಲಲ್ಲಿಟ್ಟುಕೊಂಡು ಬಂದದ್ದನ್ನು ನಾವು ಹಿಂದೆಯೂ ಕೇಳಿದ್ದೆವು. ಅಂದು ಅವರು ಹೇಳಿದ್ದು ಅದಲ್ಲ. "ಕರೆಂಟು ಬೇಡಾಂತ ಯಾರು ಹೇಳಿದ್ರು ಮರೀ? ಬೇಕಿತ್ತು. ದೀಪ ಹತ್ತಿದ ದಿನ ನಮ್ಮಪ್ಪ ಹೊಸ ಮನೆಯ ಬಲ್ಬಿಗೆ ಕುಂಕುಮ ಹಚ್ಚಿದ್ರು. ಆಮೇಲೆ ಹಿತ್ತಲಿಗೆ ಹೋಗಿ ಅತ್ತರು. ಎರಡೂ ಒಂದೇ ದಿನ."

ಹುಡುಗ ಆ ಊರಿಗೆ ದಾರಿ ಯಾವುದೆಂದು ಕೇಳಿದ. ಈಗ ದಾರಿಯಿಲ್ಲವೆನ್ನುತ್ತಾರೆಂದು ನಾವು ಎಣಿಸಿದ್ದೆವು. ಅವರು ನಿಸ್ಸಂಶಯವಾಗಿ ಹೇಳತೊಡಗಿದರು: ಕಡವಿನಲ್ಲಿ ದೋಣಿ ಇಳಿದು, ಅರಳೀಕಟ್ಟೆಯನ್ನು ಎಡಕ್ಕೆ ಬಿಟ್ಟು, ಮೂರು ಅಡಕೆ ತೋಟ ಕಳೆದ ಮೇಲೆ ಸಾರ ದಾಟಿ, ದಣಪೆ ತೆಗೆದರೆ ಮನೆ. ಸಾರ ಎಂದರೇನು, ದಣಪೆ ಎಂದರೇನು ಎಂಬ ಪ್ರಶ್ನೆಗಳೆದ್ದವು. ತೋಡಿಗೆ ಹಾಕಿದ ಅಡಕೆದಬ್ಬೆಯ ಕಿರುಸೇತುವೆಯನ್ನೂ, ಗಳುಗಳನ್ನು ಸರಿಸಿ ಒಳಹೋಗುವ ಬೇಲಿಬಾಗಿಲನ್ನೂ ತಾಯಿಯವರು ಹುರಳಿಕಾಯಿಯ ನಾರಿನಿಂದ ನೆಲದ ಮೇಲೆ ರಚಿಸಿ ತೋರಿಸಿದರು. ಶರಾವತಿಯಲ್ಲಿ ಬೇಸಗೆಗೆ ನೀರಿಳಿದಾಗ ಅದಕ್ಕೂ ಹಿಂದಿನ ಹಿರೇಭಾಸ್ಕರದ ಹಳೆಯ ಕಟ್ಟೆ ಮೇಲೆದ್ದು ಕಾಣುತ್ತದೆ. ಊರು ಕಾಣುವುದಿಲ್ಲ.

ಕಡೆಯ ಎರಡು ಸಂಜೆ ಸೋಲ್‌ಸ್ತೈಮ್ ದ್ವೀಪದಲ್ಲಿ ಕಳೆದೆವು. ಸ್ಕೈರಿಮ್‌ಗೆ 2012ರಲ್ಲಿ ಸೇರಿಸಿದ ಭಾಗ ಅದು. ನಿರಾಶ್ರಿತರಿಗೆಂದು ಬಿಟ್ಟುಕೊಟ್ಟ ನೆಲ. ವಿಂಡ್‌ಹೆಲ್ಮ್‌ನಿಂದ ಹಡಗಿನಲ್ಲಿ ಹೋಗಿ ರೇವನ್ ರಾಕ್ ಎಂಬ ಊರಲ್ಲಿ ಇಳಿದರೆ ಕಾಲಡಿಯಲ್ಲಿ ಅದೇ ಬೂದಿ. ದಕ್ಷಿಣಕ್ಕೆ ಕಡಲಾಚೆ ಕೆಂಪುಬೆಟ್ಟ ಇನ್ನೂ ಹೊಗೆಯಾಡುತ್ತಿದೆ. ಹುಡುಗ ದಡದಲ್ಲಿ ನಿಂತು ಪರದೆಗೆ ಬೆರಳು ಮುಟ್ಟಿಸಿ, ಬಾಲ್ಮೋರಾ ಇಲ್ಲಿ, ಆಲ್ಡ್‌ರೂನ್ ಇಲ್ಲಿ, ನಾವು ದಾರಿ ತಪ್ಪಿದ ಕಮರಿ ಇಲ್ಲಿ ಎಂದು ಲೆಕ್ಕ ಹಾಕಿದ. ಒಕ್ಕಣ್ಣಿನ ಜಿಯೂಬ್‌ನ ಸುದ್ದಿಯೂ ಸ್ಕೈರಿಮ್‌ನ ಇನ್ನೊಂದು ಸೇರ್ಪಡೆಯಲ್ಲಿ ಬರುತ್ತದೆ: ಕ್ಲಿಫ್ ರೇಸರ್ ಪೀಡೆಯನ್ನು ದ್ವೀಪದಿಂದ ಓಡಿಸಿ ಸಂತನೆನಿಸಿಕೊಂಡನಂತೆ. ಸತ್ತ ಮೇಲೆ ಪ್ರೇತಲೋಕದಲ್ಲಿ ಆತ್ಮಚರಿತ್ರೆಯ ಹಾಳೆಗಳನ್ನು ಕಳೆದುಕೊಂಡು ಹುಡುಕಿಸುತ್ತಿರುತ್ತಾನೆ. ಅಷ್ಟು ದಿನಗಳಲ್ಲಿ ಹುಡುಗ ನಕ್ಕದ್ದು ಅದೊಂದಕ್ಕೆ.

ಟೆಲ್ ಮಿತ್ರಿನ್ ಎಂಬ ಅಣಬೆಗೋಪುರದ ಹತ್ತಿರ ಮುದಿ ಸಿಲ್ಟ್ ಸ್ಟ್ರೈಡರ್ ಒಂದಿದೆ. ಸಾರಥಿ ಅದನ್ನು ಡಸ್ಟಿ ಎಂದು ಕರೆಯುತ್ತಾನೆ. ಪಕ್ಕದಲ್ಲಿ ನಿಂತು ಸಣ್ಣಪುಟ್ಟ ಸಾಮಾನು ಮಾರುತ್ತಾನೆ. ಹುಡುಗ ಹೋಗಿ ಮಾತಾಡಿಸಿ, ಪ್ರಯಾಣದ ಮಾತು ಎಲ್ಲಾದರೂ ಇದೆಯೇ ಎಂದು ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಎರಡು ಸಲ ನೋಡಿದ. ಇರಲಿಲ್ಲ. ಆ ಪ್ರಾಣಿ ಈಗ ಯಾರನ್ನೂ ಎಲ್ಲಿಗೂ ಒಯ್ಯುವುದಿಲ್ಲ. ಅವನು ಒಂದು ಸಾಮಾನನ್ನು ಬೇಡವಾಗಿದ್ದರೂ ಕೊಂಡ, ಚೌಕಾಸಿ ಮಾಡದೆ. ಯಂತ್ರ ಆರಿಸುವ ಮುನ್ನ ಅದರ ಕಾಲ ಬಳಿ ಸ್ವಲ್ಪ ಹೊತ್ತು ನಿಂತಿದ್ದೆವು. ಒಳಗಿನಿಂದ ತಾಯಿಯವರು "ಬಸ್ಸು ಬಂತೇನೋ?" ಎಂದರು.

ಹುಡುಗನನ್ನು ರೈಲಿಗೆ ಹತ್ತಿಸಿದ ದಿನ ಅವನ ಚೀಲದಲ್ಲಿ ಎರಡು ನಕ್ಷೆಗಳಿದ್ದವು. ಎರಡನೆಯದರಲ್ಲಿ ಕಡವು, ಅರಳೀಕಟ್ಟೆ, ಮೂರು ತೋಟ, ಎಲ್ಲ ಕನ್ನಡದಲ್ಲೇ ಬರೆದಿತ್ತು. ಸಾರ ಎರಡನೆಯ ತೋಟಕ್ಕೆ ಮೊದಲೋ ಮೂರನೆಯದಾದ ಮೇಲೋ ಎಂಬ ಬಗ್ಗೆ ಅಜ್ಜಿಗೂ ಮೊಮ್ಮಗನಿಗೂ ಗಾಡಿ ಅಲುಗುವ ತನಕ ಕಿಟಕಿಯಲ್ಲಿ ವಾದ ನಡೆಯಿತು.